ತ್ರಿವುಡೆ ತಾಳ ಹಾಕಿದ ಡಿಸ್ಕು

ಭೈರುಂಬೆಯಿಂದ ಶಿರಸಿಗೆ ಬರುವ ಬೆಳಗಿನ ಬಸ್ಸಿನಲ್ಲಿ ನಾನು ಕಂಡಕ್ಟರನ ಧ್ವನಿಯಲ್ಲೇ ಕಂಡಕ್ಟರನಿಗೆ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಿದ್ದಾಗ ಜೇಬಿನಲ್ಲಿ ಫೋನ್ ಗುಂಯ್ಗುಟ್ಟಿತು. ನಮ್ಮ ಕಚೇರಿಯ ಸರ್ವರ್ ನನಗೊಂದು ಮೇಲ್ ಕಳಿಸಿತ್ತು. ಅದರಲ್ಲಿ ನಮಸ್ಕಾರ ಇಲ್ಲ, ಕ್ಷೇಮಸಮಾಚಾರ ಇಲ್ಲ. ನಾಲ್ಕು ಡಿಸ್ಕುಗಳಲ್ಲಿ ಒಂದು ಕೈಕೊಟ್ಟಿದೆ ಎಂಬ ಒಂದೇ ವಿಷಯ. ಬಸ್ಸಿನಲ್ಲಿ ನನ್ನ ಅಭಿಮಾನಿಗಳು ಇನ್ನೂ ನಗುತ್ತಿದ್ದರು. ನಾನು ಆ ಮೇಲನ್ನು ಎರಡನೇ ಸಲ ಓದುತ್ತಿದ್ದೆ.

ಕಚೇರಿ ಎಂದರೆ ಹಳೆಯ ಕಲಾವಿದರ ಹಾಡು, ಬಾರಿಸುವಿಕೆ, ಮಾತುಗಳನ್ನು ದಾಖಲಿಸಿ ಇಡುವ ಒಂದು ಸಣ್ಣ ಸಂಗ್ರಹ ಕೇಂದ್ರ. ಎರಡು ಕೋಣೆ, ಒಂದು ಸರ್ವರ್, ಅದನ್ನು ನೋಡಿಕೊಳ್ಳಲು ನಾನು, ನನ್ನನ್ನು ನೋಡಿಕೊಳ್ಳಲು ಅಕ್ಕ. ಅಕ್ಕ ಕಿರವತ್ತಿಯವರು. ಕಸ ಗುಡಿಸುವುದರಿಂದ ಹಿಡಿದು ಅಧ್ಯಕ್ಷರಿಗೆ ಚಹಾ ಕೊಡುವವರೆಗೆ ಎಲ್ಲವೂ ಅವರದ್ದೇ. ಅಧ್ಯಕ್ಷರು ವರ್ಷಕ್ಕೆ ನಾಲ್ಕು ಸಲ ಬರುತ್ತಾರೆ. ಅವರ ಧ್ವನಿಯನ್ನು ನಾನು ವಾರಕ್ಕೆ ನಾಲ್ಕು ಸಲ ಬಾಯಲ್ಲಿ ತೆಗೆಯುತ್ತೇನೆ.

ನಾಲ್ಕು ಡಿಸ್ಕಿನ ಏರ್ಪಾಡು ಹೀಗೆ: ನಾಲ್ವರು ಸೇರಿ ಒಂದೇ ಹೊರೆ ಹೊತ್ತಿರುತ್ತಾರೆ. ಒಬ್ಬ ಕುಸಿದರೆ ಉಳಿದ ಮೂವರು ಹೇಗೋ ಸುಧಾರಿಸುತ್ತಾರೆ. ಎರಡನೆಯವನೂ ಕುಸಿದರೆ ಹೊರೆಯೆಲ್ಲ ನೆಲಕ್ಕೆ, ಯಾವುದೂ ಉಳಿಯುವುದಿಲ್ಲ. ಅಂದು ಬೆಳಿಗ್ಗೆ ಒಬ್ಬ ಕುಸಿದಿದ್ದ.

ಕಪ್ಪು ಪರದೆಯ ಮುಂದೆ ಕೂತು ಮೊದಲು cat /proc/mdstat ಎಂದು ಹೊಡೆದೆ. ಅದು ಡಿಸ್ಕುಗಳ ಹಾಜರಿ ಪುಸ್ತಕ. ಬಂದವರಿಗೆ U, ಬರದವರಿಗೆ ಒಂದು ಗೀಟು. ದಿನಾ ನಾಲ್ಕು U ಇರುವ ಜಾಗದಲ್ಲಿ ಅಂದು [UU_U]. ನಂತರ dmesg, ಯಂತ್ರದ ಗೊಣಗಾಟವನ್ನೆಲ್ಲ ಬರೆದಿಡುವ ದಿನಚರಿ. ಬೆಳಗಿನ ಜಾವದಿಂದ sdc ಎಂಬ ಡಿಸ್ಕನ್ನು ಕೂಗಿ ಕೂಗಿ ಸಾಕಾಗಿ ಕೈಬಿಟ್ಟದ್ದು ಅಲ್ಲಿತ್ತು. ಡಿಸ್ಕಿನದಲ್ಲ, ಅದನ್ನು ಆಡಿಸುವ ಕಾರ್ಡಿನ ತಪ್ಪಿರಬಹುದೇ ಎಂಬ ಆಸೆಯಿಂದ ಕಾರ್ಡುಗಳ ಪಟ್ಟಿಯಾದ lspci ನೋಡಿದೆ. ಕಾರ್ಡು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಇನ್ನು dmidecode, ಯಂತ್ರ ತನ್ನ ಹೆಸರು, ಕುಲ, ಗೋತ್ರ ಹೇಳಬೇಕಾದ ಜಾಗ. ತಯಾರಕರ ಹೆಸರಿನ ಮುಂದೆ "ಇದನ್ನು ತಯಾರಕರು ತುಂಬತಕ್ಕದ್ದು" ಎಂಬರ್ಥದ ಇಂಗ್ಲಿಷ್ ಸಾಲು ಹಾಗೇ ಬಿದ್ದಿತ್ತು. ಹುಬ್ಬಳ್ಳಿಯಲ್ಲಿ ಜೋಡಿಸಿದ ಯಂತ್ರ, ಯಾರೂ ತುಂಬಿರಲಿಲ್ಲ. ನನ್ನ ಹಾಗೇ, ಅರ್ಜಿ ಅರ್ಧ ತುಂಬಿಸಿ ಕೆಲಸಕ್ಕೆ ಸೇರಿದ್ದು.

ಆಮೇಲೆ smartctl. ಇದು ಡಿಸ್ಕಿನ ರಕ್ತಪರೀಕ್ಷೆ. sdc ಬಾಯಿಯೇ ಬಿಡಲಿಲ್ಲ. ಉಳಿದ ಮೂರರ ವರದಿ ಓದುತ್ತಾ ಹೋದೆ. sda ಚೆನ್ನಾಗಿತ್ತು, sdd ಚೆನ್ನಾಗಿತ್ತು. sdbಯ ಪಟ್ಟಿಯಲ್ಲಿ Spin_Retry_Count ಎಂಬ ಸಾಲಿನ ಮುಂದೆ ಸೊನ್ನೆ ಇರಬೇಕಾದಲ್ಲಿ ಒಂಬತ್ತು ಇತ್ತು. ಎಂದರೆ ವಿದ್ಯುತ್ ಕೊಟ್ಟಾಗ ಒಂದೇ ಏಟಿಗೆ ತಿರುಗಲಾರದೆ ಒಂಬತ್ತು ಸಲ ಎದ್ದು ಬಿದ್ದಿದೆ.

ಹುಬ್ಬಳ್ಳಿಯ ಇಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದೆ. ಅವರನ್ನು ನಾನು ಕಂಡಿಲ್ಲ, ಧ್ವನಿ ಮಾತ್ರ ಗೊತ್ತು. ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಹ್ಞಂ... ಒಂಬತ್ತು ಅಂತೈತೇನು? ಹಂಗಾರ ಒಂದು ಮಾತು ಕೇಳ್ರಿ. ಮಷಿನ್ ಆಫ್ ಮಾಡಬ್ಯಾಡ್ರಿ. ತಿರುಗೂ ಡಿಸ್ಕ್ ತಿರುಗ್ತಿರ್ಲಿ. ಒಮ್ಮೆ ನಿಂತ್ರ ಮತ್ತ ಏಳ್ತೈತೋ ಇಲ್ಲೋ, ದೇವ್ರಿಗೇ ಗೊತ್ತು. ಚಾಲೂ ಇದ್ದಾಂಗನ ಕೆಟ್ಟದ್ದು ತಗೀರಿ, ಹೊಸಾದು ಹಾಕ್ರಿ. ಹೊಸಾದ್ನ ಈಗ ಬಸ್ಸಿಗೆ ಕೊಟ್ಟು ಕಳಸ್ತೀನಿ."

"ಸರ್, ಮೊದಲು ಒಂದು ಕಾಪಿ..."

"ಹ್ಞಂ... ನೋಡ್ರಿ, ಹಚ್ರಿ. ಎಷ್ಟು ತಾಸು ಅಂತೈತಿ ಹೇಳ್ರಿ."

ಪೇಟೆಗೆ ಓಡಿ ಹೊರಗಿನ ಡಿಸ್ಕೊಂದನ್ನು ತಂದು ಹಚ್ಚಿದೆ. ಹಳೆಯ ಯುಎಸ್‌ಬಿ ಕಿಂಡಿ. ಒಂಬತ್ತು ತಾಸು ಎಂದಿತು. ಹೊಸ ಡಿಸ್ಕ್ ಹಾಕಿ, ಉಳಿದ ಮೂರರಿಂದ ಅದರ ಪಾಲನ್ನು ತುಂಬಿಸಿಕೊಳ್ಳಲು ಬಿಟ್ಟರೆ ನಾಲ್ಕು ತಾಸು ಸಾಕು. ದೀಪಾವಳಿಗೆ ಎಂಟು ದಿನ ಇದ್ದ ಹೊತ್ತು. ಮಧ್ಯಾಹ್ನ ಮೂರಾಯಿತೆಂದರೆ ಗುಡುಗು, ಗುಡುಗಿತೆಂದರೆ ಕರೆಂಟಿಲ್ಲ. ನಮ್ಮ ಯುಪಿಎಸ್ ತಡೆಯುವುದು ಮುಕ್ಕಾಲು ತಾಸು. ಸುಸ್ತಾದ sdbಯನ್ನು ಎರಡೆರಡು ಸಲ ಓದಿಸುವುದು ಬೇಡವೆಂದು ಕಾಪಿ ನಿಲ್ಲಿಸಿದೆ.

ಆ ಒಂಬತ್ತು ತಾಸಿನ ಹೊರೆಯಲ್ಲಿ ಮುಕ್ಕಾಲು ಪಾಲು ಒಬ್ಬರದ್ದೇ. ಸಿದ್ದಾಪುರದ ಮದ್ದಳೆ ಮಾಸ್ತರ್ರದ್ದು.

ಆಷಾಢದಲ್ಲಿ ಮಾಸ್ತರ್ರು ನಮ್ಮಲ್ಲಿ ಇಪ್ಪತ್ತೆರಡು ದಿನ ಕೂತು, ತಮಗೆ ಗೊತ್ತಿದ್ದ ಪಾಠವನ್ನೆಲ್ಲ ಮೊದಲಿಂದ ಕೊನೆಯವರೆಗೆ ಬಾರಿಸಿ ತೋರಿಸಿದ್ದರು. ಮೂರು ಕ್ಯಾಮೆರಾ, ಒಂದು ಮುಖಕ್ಕೆ, ಒಂದು ಎಡಗೈಗೆ, ಒಂದು ಬಲಗೈಗೆ. ಚೌತಿಗೆ ನಾಲ್ಕು ದಿನ ಇರುವಾಗ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ಕಾಲು ತಿರುಗಿ ಬಂತು, ಬಲಗೈ ಬರಲಿಲ್ಲ. ನಡೆಯಲು ಬಂದ ಮೇಲೆ ಪ್ರತಿ ಬುಧವಾರ ಹನ್ನೊಂದರ ಬಸ್ಸಿಗೆ ಬಂದು, ಪರದೆಯ ಮೇಲೆ ತಮ್ಮದೇ ಬಲಗೈ ನೋಡುತ್ತಾ ಎಡಗೈಯಲ್ಲಿ ಮೇಜಿನ ಮೇಲೆ ಕಲಿಯುತ್ತಿದ್ದರು. ಅರವತ್ತೇಳನೇ ವಯಸ್ಸಿನಲ್ಲಿ, ತಮ್ಮ ಹತ್ತಿರವೇ ಪಾಠ!

ಇಂಥದ್ದಕ್ಕೆಂದೇ ಯಲ್ಲಾಪುರದಲ್ಲಿ, ನಮ್ಮ ಕಾರ್ಯದರ್ಶಿಗಳ ಮನೆಯಲ್ಲಿ, ಎಲ್ಲದರ ಇನ್ನೊಂದು ಪ್ರತಿ ಇರಬೇಕು. ತಿಂಗಳಿಗೊಮ್ಮೆ ಹೋಗಿ ಹೊಸದನ್ನು ಸೇರಿಸಿ ಬರುವುದು ನನ್ನ ಕೆಲಸ. ಫೋನ್ ಮಾಡಿದೆ.

"ನೀನು ಬಂದದ್ದು ಮಳೆಗಾಲಕ್ಕೆ ಮುಂಚೆ," ಎಂದರು ಕಾರ್ಯದರ್ಶಿಗಳು. "ಆಮೇಲೆ ಕೇಳಿದಾಗೆಲ್ಲ ಮಳೆ ಬಿಡ್ಲಿ, ಮಳೆ ಬಿಡ್ಲಿ ಅಂದೆ."

ಮಳೆಗಾಲ ಮುಗಿದು ಆಗಲೇ ಬಹಳ ದಿನವಾಗಿತ್ತು.

ಹನ್ನೊಂದಕ್ಕೆ ಮಾಸ್ತರ್ರು ಬಂದರು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತರು.

"ಎಂತದಾ ತಮಾ, ಮುಖ ಹೀಂಗೆ? ಇವತ್ತು ಯಾರ ಧ್ವನಿಯೂ ತೆಗೀತಾ ಇಲ್ಯಲಾ."

ಹೇಳಿದೆ. ಮಳೆ ಬಿಡಲಿ ಎನ್ನುತ್ತ ಯಲ್ಲಾಪುರಕ್ಕೆ ಹೋಗದೆ ಉಳಿದದ್ದನ್ನೂ ಹೇಳಿದೆ. ಅವರಿಗೆ ಡಿಸ್ಕು, ಹೊರೆ, ಒಂಬತ್ತು ಎಲ್ಲ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಎಡಗೈ ಬೆರಳಿನಿಂದ ಆ ಕಪ್ಪು ಪೆಟ್ಟಿಗೆಯನ್ನು ತೋರಿಸಿದರು.

"ಅಂದ್ರೆ ಯನ್ನ ಬಲಗೈ ಇದರೊಳಗೇ ಇದ್ದು. ಬೇರೆಲ್ಲೂ ಇಲ್ಲೆ. ಹೌದಾ?"

"ಹೌದು, ಮಾಸ್ತರ್ರೇ."

"ಒಂದು ಸಲ ಹೋದದ್ದು ಸಾಲ್ದಾ ಅದಕ್ಕೆ?"

ಮೇಜಿನಲ್ಲೊಂದು ಪೆನ್ ಡ್ರೈವ್ ಇತ್ತು. ಒಂದೆರಡು ಪಾಠ ಹಿಡಿಸಬಹುದು, ಯಾವುದು ಮೊದಲು ಬೇಕು ಎಂದು ಕೇಳಿದೆ. ಮಾಸ್ತರ್ರು ನಕ್ಕರು. "ಯಾವ ಬೆರಳು ಮೊದಲು ಬೇಕು ಹೇಳಿ ಕೇಳ್ದಾಂಗಾತು." ನಾನೇ ಮೊದಲ ಪಾಠವನ್ನು ಹಾಕಿಟ್ಟೆ.

ಹನ್ನೆರಡೂವರೆಗೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಯಿಂದ ಡಿಸ್ಕಿನ ಪೊಟ್ಟಣ ಇಸಿದುಕೊಂಡು ಬಂದೆ. ಸರ್ವರಿನ ಮುಂಭಾಗದಲ್ಲಿ ಒಂದರ ಕೆಳಗೊಂದು ನಾಲ್ಕು ತಟ್ಟೆಗಳಿವೆ, ತಟ್ಟೆಗೊಂದು ಡಿಸ್ಕು. ಯಾವ ಡಿಸ್ಕು ಯಾವ ತಟ್ಟೆಯಲ್ಲಿ ಎಂಬ ಹಾಳೆಯನ್ನು, ಅವುಗಳ ಸೀರಿಯಲ್ ಸಂಖ್ಯೆಯ ಸಮೇತ, ಬಾಗಿಲ ಹಿಂದೆ ಅಂಟಿಸಿದವನು ನಾನೇ. ಕಂಪ್ಯೂಟರಿನಲ್ಲಿ lsblk ಹಾಕಿದರೆ ಬದುಕಿದ್ದ ಮೂರರ ಸಂಖ್ಯೆ ಸಿಕ್ಕಿತು. ಹಾಳೆಯಲ್ಲಿ ಅವುಗಳ ಮೇಲೆ ಗೀಟು ಎಳೆದೆ. ಉಳಿದದ್ದು ಮೂರನೇ ತಟ್ಟೆ.

ಮೂರನೇ ತಟ್ಟೆಯ ಚಿಲಕದ ಮೇಲೆ ಬೆರಳಿಟ್ಟೆ. ಒತ್ತಿದೆ, ಅರ್ಧ. ಆಗ ಕಂಡಿತು. ತಟ್ಟೆಯ ಮುಂದೆ ಅಂಟಿಸಿದ್ದ ಸೀರಿಯಲ್ ಸಂಖ್ಯೆಯ ಚೀಟಿಯ ಮೇಲೆ ಗಂಧ, ಅದರ ಮೇಲೆ ಕುಂಕುಮ. ನಾಲ್ಕು ತಟ್ಟೆಗಳಲ್ಲೂ ಶಾಯಿ ಕರಗಿ ಹರಡಿ ಸಂಖ್ಯೆ ಅಳಿಸಿಹೋಗಿತ್ತು.

ಬೆರಳು ಅಲ್ಲೇ ನಿಂತಿತು.

ಆಯುಧಪೂಜೆಯ ದಿನ ಸರ್ವರನ್ನು ಆಫ್ ಮಾಡಿ, ತಟ್ಟೆಗಳನ್ನೆಲ್ಲ ಎಳೆದು, ಪೇಪರ್ ಹಾಸಿ ಸಾಲಾಗಿ ಇಟ್ಟು ಧೂಳು ಒರೆಸಿದ್ದೆ. ಅಕ್ಕ ಒಂದೊಂದಕ್ಕೂ ಗಂಧ ಕುಂಕುಮ ಹಚ್ಚಿದರು. ಹಚ್ಚಲು ಹಣೆಯಂಥ ಜಾಗ ಬೇಕಲ್ಲ, ಚೀಟಿ ಇದ್ದಲ್ಲಿ ಹಚ್ಚಿದರು. ಕಾಯಿ ಒಡೆದು, ಪ್ರಸಾದ ತಿಂದು, ನಾನು ಅಧ್ಯಕ್ಷರ ಧ್ವನಿಯಲ್ಲಿ ಭಾಷಣ ಮಾಡುತ್ತಾ ತಟ್ಟೆಗಳನ್ನು ಕೈಗೆ ಸಿಕ್ಕಂತೆ ಒಳಗೆ ತಳ್ಳಿದ್ದೆ. ಈ ಏರ್ಪಾಡಿಗೆ ಕ್ರಮದ ಹಂಗಿಲ್ಲ, ಹೇಗಿಟ್ಟರೂ ನಡೆಯುತ್ತದೆ. ನಡೆಯಿತು. ಹಾಗಾಗಿ ಹಾಳೆ ಅಂದಿನಿಂದಲೇ ಸುಳ್ಳು ಹೇಳುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ಮತ್ತೆ ಆನ್ ಮಾಡಿದಾಗ ಒಳಗಿಂದ "ಕುರ್ರ್ ಟಕ್, ಕುರ್ರ್ ಟಕ್" ಎಂದು ಏನೋ ಒದ್ದಾಡಿತ್ತು. ನಾನು ಅದನ್ನು ಹಾಗೇ ಬಾಯಲ್ಲಿ ತೆಗೆದು ಅಕ್ಕನನ್ನು ನಗಿಸಿದ್ದೆ. sdb ಒಂಬತ್ತು ಸಲ ಎದ್ದು ಬಿದ್ದದ್ದು ಆಗಲೇ ಇರಬೇಕು. ಕೇಳಿದ್ದೆ, ಅನುಕರಿಸಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ನಾಲ್ಕರಲ್ಲಿ ಒಂದು ತಟ್ಟೆ ಸತ್ತದ್ದು. ಬೇರೆ ಯಾವುದನ್ನು ಎಳೆದರೂ ಎರಡು ಹೋದಂತೆ. ನಾನು ಸುಮ್ಮನೆ ಹೊರಗೆ ಬಂದು, ಏನೋ ತಾಂತ್ರಿಕ ಅಡಚಣೆ ಎನ್ನಬಹುದಿತ್ತು. ಆ ಮಾತಿನ ಧ್ವನಿ ಕೂಡ ತಯಾರಿತ್ತು. ಆದರೆ ಮಾಸ್ತರ್ರು ಬಾಗಿಲಲ್ಲೇ ನಿಂತು ನನ್ನ ಬೆರಳನ್ನು ನೋಡುತ್ತಿದ್ದರು. ಕೈ ಯಾಕೆ ತಡೆಯಿತು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು?

"ಮಾಸ್ತರ್ರೇ, ಒಂದು ತಪ್ಪಾಜು. ಆನೇ ಮಾಡಿದ್ದು," ಎಂದೆ. ಎಲ್ಲ ಹೇಳಿದೆ. ಫೋನ್ ಎತ್ತಿ ಇಂಜಿನಿಯರಿಗೂ ಹೇಳಿದೆ.

"ಹ್ಞಂ..." ಈ ಸಲ ಗಂಟಲು ಬಹಳ ಹೊತ್ತು ಸರಿಯಾಗಲಿಲ್ಲ. "ತಟ್ಟಿ ಮುಂದ ದೀಪ ಇರ್ತಾವಲ್ರಿ. ಯಾವ್ದು ಓದತೈತಿ ಅದರ ದೀಪ ಮಿಣುಕ್ತೈತಿ."

"ಒಂದೂ ಹತ್ತುವುದಿಲ್ಲ ಸರ್. ದೀಪದ ತಂತಿಯನ್ನೇ ಜೋಡಿಸಿಲ್ಲ."

"ಯಾರು ಜೋಡಿಸಿದ್ರು ಮಷಿನ್?"

"ನೀವೇ ಸರ್."

ಅವರು ಮತ್ತೆ ಗಂಟಲು ಸರಿಮಾಡಿಕೊಂಡರು. ನನಗೆ ಅಂದು ಮೊದಲ ಸಲ ಸ್ವಲ್ಪ ಸಮಾಧಾನವಾಯಿತು. ತಪ್ಪು ಮಾಡಿದವರು ಇಬ್ಬರಾದೆವು.

ದೀಪ ಇಲ್ಲದಿದ್ದರೆ ಶಬ್ದ. ಡಿಸ್ಕಿನೊಳಗೆ ಒಂದು ಸೂಜಿಯಂಥ ತೋಳು ಇದೆ. ಓದುವ ಜಾಗ ಬದಲಾದಾಗಲೆಲ್ಲ ಅದು ಟಕ್ ಎಂದು ಹಾರುತ್ತದೆ. dd ಎಂಬ ಆಜ್ಞೆಯಿಂದ ಬೇಕಾದ ಡಿಸ್ಕಿನ ಬೇಕಾದ ಜಾಗವನ್ನು ಓದಿಸಬಹುದು. ಬರೆಯುವುದಿಲ್ಲ, ಓದುವುದು ಮಾತ್ರ, ಅಪಾಯವಿಲ್ಲ. ನೆನಪಿನಿಂದ ಉತ್ತರ ಕೊಡಬೇಡ, ಡಿಸ್ಕಿನಿಂದಲೇ ಓದು ಎಂದು ಅದಕ್ಕೆ ಕಟ್ಟುನಿಟ್ಟಾಗಿ ಹೇಳಿ, ಈ ತುದಿಗೊಮ್ಮೆ ಆ ತುದಿಗೊಮ್ಮೆ ಹಾರಿಸುವ ನಾಲ್ಕು ಸಾಲು ಬರೆದೆ. ಉಳಿದ ಎಲ್ಲ ಕೆಲಸ ನಿಲ್ಲಿಸಿ sdaಯನ್ನು ಹಾರಿಸಿದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ತಟ್ಟೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದೆ.

ನಾಲ್ಕೂ ತಟ್ಟೆಯಲ್ಲಿ ಟಕ್ ಟಕ್.

ಒಂದೇ ತಗಡಿನ ಪೆಟ್ಟಿಗೆ. ಒಂದು ಕಡೆಯ ಪೆಟ್ಟು ಎಲ್ಲ ಕಡೆಗೂ ಹೋಗುತ್ತದೆ. ಫ್ಯಾನಿನ ಗದ್ದಲ ಬೇರೆ. ಊರಿನವರ ಕೆಮ್ಮನ್ನು ಕೂಡ ಬೇರೆ ಮಾಡಿ ಗುರುತಿಸುತ್ತೇನೆ ಎಂದು ಮೆರೆಯುತ್ತಿದ್ದ ನನ್ನ ಕಿವಿ ಅಲ್ಲಿ ಸೋತಿತು. ಬೆವರು ಸ್ಕ್ರೂಡ್ರೈವರಿನ ಹಿಡಿಗೆ ಇಳಿಯುತ್ತಿತ್ತು.

"ಇಲ್ಲಿ ಕೊಡು," ಎಂದರು ಮಾಸ್ತರ್ರು. ಎಡಗೈಯಲ್ಲಿ ಹಿಡಿದು, ಒಂದನೇ ತಟ್ಟೆಗೆ ಒತ್ತಿ, ಕಣ್ಣು ಮುಚ್ಚಿದರು. ಕೂಡಲೇ ತೆಗೆದರು.

"ಎಂತದಾ ಇದು? ಸುಮ್ನೆ ಜಡಿಮಳೆ ಹೊಯ್ದಾಂಗೆ. ತಾಳ ಇಲ್ಲೆ. ತಾಳ ಇಲ್ದೇ ಇದ್ರೆ ಕಿವಿ ಹಿಡ್ಕಂಬುದು ಎಂತದನ್ನ? ತ್ರಿವುಡೆ ಹಾಕು. ಮೂರು, ಎರಡು, ಎರಡು."

ಮೂರು ಸಲ ಹಾರು, ನಿಲ್ಲು, ಎರಡು ಸಲ ಹಾರು, ನಿಲ್ಲು, ಮತ್ತೆ ಎರಡು. ನಿಲ್ಲುವ ಹೊತ್ತನ್ನು ಸೆಕೆಂಡಿನ ಚೂರುಗಳಲ್ಲಿ ಕೊಟ್ಟೆ.

"ಎರಡನೇ ಸಲ ನಿಂತಲ್ಲಿ ಕಾಲ ಎಳೀತು."

ತಿದ್ದಿದೆ.

"ಇನ್ನೂ ಚೂರು."

ಮತ್ತೆ ತಿದ್ದಿದೆ. ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಸತ್ತ ಡಿಸ್ಕಿನ ಪಕ್ಕದಲ್ಲಿ ಕೂತು ನಾನು ಕಂಪ್ಯೂಟರಿಗೆ ಮದ್ದಳೆ ಪಾಠ ಹೇಳಿಕೊಡುತ್ತಿದ್ದೆ. ನಗು ಬರಬೇಕಿತ್ತು, ಬರಲಿಲ್ಲ.

"ಹಾಂ. ಈಗ ಸಮ." ಮಾಸ್ತರ್ರು ನಾಲ್ಕೂ ತಟ್ಟೆಗೆ ಒಂದೊಂದಾಗಿ ಸ್ಕ್ರೂಡ್ರೈವರ್ ಇಟ್ಟರು. ಮಡಿಲಲ್ಲಿದ್ದ ಬಲಗೈ ಅಲ್ಲಾಡಲಿಲ್ಲ, ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ಬಡಿಯುತ್ತಿತ್ತು. "ಇದು ಮಾರ್ದನಿ. ಇದೂ ಮಾರ್ದನಿ. ಇದು... ಇದು ಮೂಲ. ಪೆಟ್ಟಿಗೆ ಕೆಳ ಅಂಚಿದ್ದು."

sda ನಾಲ್ಕನೇ ತಟ್ಟೆ. ಅವರಿಗೆ ಹೇಳದೆ sddಗೆ ಬದಲಾಯಿಸಿದೆ. ಒಂದನೆಯದು ಎಂದರು. ಮತ್ತೆ ಹೇಳದೆ sdaಗೇ ಹಿಂತಿರುಗಿದೆ. "ಮತ್ತೆ ನಾಲ್ಕನೇದಕ್ಕೇ ಹೋದ್ಯಲಾ, ಪರೀಕ್ಷೆ ಮಾಡ್ತಾ?" ಎಂದು ಕಣ್ಣು ಬಿಟ್ಟರು. sdbಯನ್ನು ಹಾರಿಸುವುದು ಉಳಿದಿತ್ತು. ಸುಸ್ತಾದವನನ್ನು ಕುಣಿಸಿದ ಹಾಗೆ. ನಾಲ್ಕೇ ಆವರ್ತ ಹಾಕಿದೆ. ಮೂರನೆಯದು ಎಂದರು.

ಮೂರನೆಯದು. ಹಾಳೆಯ ಪ್ರಕಾರ ನಾನು ಎಳೆಯಹೊರಟಿದ್ದ ತಟ್ಟೆ. ಚಿಲಕ ಇನ್ನರ್ಧ ಒತ್ತಿದ್ದರೆ ಆಗಿತ್ತು.

ಉಳಿದದ್ದು ಎರಡನೆಯದು. ಅದಕ್ಕೂ ಸ್ಕ್ರೂಡ್ರೈವರ್ ಇಟ್ಟು ಕೇಳಿದರು. "ಸುತ್ತುತ್ತಾ ಇದ್ದು. ಆದ್ರೆ ಯಾವ ತಾಳದ್ದೂ ಅಲ್ಲ."

"ಎಳೆಯಲಾ, ಮಾಸ್ತರ್ರೇ?"

"ಯನ್ನ ಕೇಳ್ತ್ಯಲಾ? ಕೈ ಯಂದು, ಕೆಲಸ ನಿಂದು." ನಂತರ ಮೆಲ್ಲಗೆ, "ಎಳಿ," ಎಂದರು.

ಎಳೆದೆ. ಪರದೆ ನೋಡಲು ಧೈರ್ಯ ಸಾಲದೆ ಮೊದಲು ಕೈಯಲ್ಲಿದ್ದ ಡಿಸ್ಕಿನ ಬೆನ್ನಿನ ಸಂಖ್ಯೆ ಓದಿದೆ. ಹಾಳೆಯಲ್ಲಿ ಗೀಟು ಬೀಳದೆ ಉಳಿದಿದ್ದ ಸಂಖ್ಯೆ ಅದೇ. ಪರದೆಯಲ್ಲಿ ಮೂರು U ಹಾಗೇ ಇದ್ದವು. ಹೊಸದನ್ನು ತಳ್ಳಿ ಸೇರಿಸಿದೆ. ಗೆರೆಯೊಂದು ಕಾಣಿಸಿಕೊಂಡು ಶೇಕಡಾ ಸೊನ್ನೆ ಪಾಯಿಂಟ್ ಒಂದು ಎಂದಿತು. ಆಗ ಎರಡು ಗಂಟೆಗೆ ಹತ್ತು ನಿಮಿಷ ಇತ್ತು.

ಶೇಕಡಾ ಅರವತ್ತು ದಾಟುವ ಹೊತ್ತಿಗೆ ಗುಡುಗಿತು.

ನಮ್ಮ ಅಕ್ಕನಿಗೆ ಒಂದು ನೇಮವಿದೆ. ಗುಡುಗಿದರೆ ಕಟ್ಟಡದ ಪ್ಲಗ್ಗುಗಳನ್ನೆಲ್ಲ ಕಿತ್ತು ಬರುತ್ತಾರೆ. ಸಿಡಿಲಿಗೆ ಟಿವಿ, ಫೋನು ಸುಟ್ಟುಕೊಂಡ ಈ ಸೀಮೆಯಲ್ಲಿ ಅದು ತಪ್ಪೂ ಅಲ್ಲ. ಬೆಳಿಗ್ಗೆಯೇ ಅವರಿಗೆ ಬೇಡ ಎಂದಿದ್ದೆ. ಆದರೆ ಗುಡುಗು ಕೇಳಿದ ಕೂಡಲೇ ಅವರ ಕಾಲು ತಾನಾಗಿ ಸರ್ವರ್ ಕೋಣೆಗೆ ನಡೆಯಿತು, ಕೈ ಯುಪಿಎಸ್‌ನ ಪ್ಲಗ್ಗಿನ ಮೇಲೆ ಹೋಯಿತು. ನಾನು ಇತ್ತ ಬಾಗಿಲಲ್ಲಿದ್ದೆ. ಓಡಿದರೂ ಮುಟ್ಟುತ್ತಿರಲಿಲ್ಲ.

"ಏಯ್! ಯಾರದು? ಕೈ ತೆಗೀರಿ ಅಲ್ಲಿಂದ!"

ಅದು ಅಧ್ಯಕ್ಷರ ಧ್ವನಿ. ನನ್ನ ಬಾಯಿಂದ ಬಂದದ್ದು.

ಅಕ್ಕ ಕೈ ಹಿಂದೆಗೆದು, ಸೆರಗು ಸರಿಮಾಡಿಕೊಂಡು ತಿರುಗಿದರು. "ಸಾಹೇಬ್ರು ಯಾವಾಗ ಬಂದ್ರು..." ನನ್ನನ್ನು ಕಂಡರು. "ಏ ಬಾಡ್ಯಾ! ನನ್ನ ಎದಿ ಒಡಿಸಿದ್ಯಲ್ಲೋ!"

"ಅಕ್ಕಾ, ಬೆಳಿಗ್ಗೆನೇ ಹೇಳಿದ್ದೆ ನಾನು."

"ನಿನ್ನ ದನಿಯೊಳಗ ಹೇಳಿದ್ರ ಯಾರು ಕೇಳ್ತಾರ?"

ಈಗ ಪ್ಲಗ್ ಕಿತ್ತರೆ ಬ್ಯಾಟರಿ ಮುಕ್ಕಾಲು ತಾಸು, ಕೆಲಸ ಬಾಕಿ ಒಂದೂವರೆ ತಾಸು. ಕೀಳದಿದ್ದರೆ ಸಿಡಿಲು. ಇಡಬೇಕೋ ತೆಗೆಯಬೇಕೋ ಎಂದು ಇಂಜಿನಿಯರನ್ನು ಕೇಳೋಣವೆಂದರೆ ಗುಡುಗಿಗೆ ಫೋನಿನ ಸಿಗ್ನಲ್ ಹೋಗಿತ್ತು. ಇರಲಿ ಎಂದೆ. ಹೇಳಿದ ಮೇಲೆ ಒಂದೊಂದು ಮಿಂಚಿಗೂ ನನ್ನ ಕುತ್ತಿಗೆ ಭುಜದೊಳಗೆ ಹೋಗುತ್ತಿತ್ತು. ಅಕ್ಕ ಪ್ಲಗ್ಗಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. "ನಾನು ಎದ್ರ ಹಿಡಕೊಂಡು ಕುಂದರಸ್ರಿ, ನನ್ನ ಕೈ ನನ್ನ ಮಾತು ಕೇಳಂಗಿಲ್ಲ," ಎಂದು ಮಾಸ್ತರ್ರಿಗೆ ಹೇಳಿ, ಕೂಡಲೇ ಅವರ ಬಲಗೈ ಕಂಡು ನಾಲಿಗೆ ಕಚ್ಚಿಕೊಂಡರು.

"ಯಂದೂ ಹಾಂಗೇಯಾ, ತಂಗೀ," ಎಂದರು ಮಾಸ್ತರ್ರು.

ಶೇಕಡಾ ಎಪ್ಪತ್ತೆಂಟಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ನಾನು ಯಾವ ಶಬ್ದ ಸಿಕ್ಕರೂ ಬಿಡದವನು. ಆ ಕೂಗನ್ನು ಮಾತ್ರ ಇಂದಿಗೂ ತೆಗೆದಿಲ್ಲ. ಇಪ್ಪತ್ತಾರು ನಿಮಿಷ. ಮಾಸ್ತರ್ರ ಕಾಲಿನ ಹೆಬ್ಬೆರಳು ಯುಪಿಎಸ್ ಕೂಗಿಗೆ ತಾಳ ಹಾಕುತ್ತಿತ್ತು. ಕರೆಂಟ್ ಬಂದಾಗ ಅಕ್ಕ ಗೋಡೆಗೆ ಕೈ ಮುಗಿದರು.

ಆರಕ್ಕೆ ಐದು ನಿಮಿಷ ಇರುವಾಗ ಗೆರೆ ಮಾಯವಾಯಿತು. [UUUU].

"ನಾಲ್ಕೂ ಬೆರಳು ಬಂದ್ವಾ?" ಎಂದರು ಮಾಸ್ತರ್ರು.

"ಬಂದ್ವು."

ಬಲಗೈ ಕ್ಯಾಮೆರಾದ ಕೊನೆಯ ಪಾಠವನ್ನು ತೆರೆದು ತೋರಿಸಿದೆ. ಪರದೆಯ ತುಂಬ ಆ ಕೈ ಎದ್ದು ಬಿತ್ತು. ಮಾಸ್ತರ್ರು ಒಂದು ಆವರ್ತ ನೋಡಿ ಸಾಕು ಎಂಬಂತೆ ತಲೆ ಆಡಿಸಿದರು. ಚೀಲ ಎತ್ತಿಕೊಂಡು ಸಿದ್ದಾಪುರದ ಬಸ್ಸಿಗೆ ಹೊರಟವರು ಬಾಗಿಲಲ್ಲಿ ನಿಂತರು.

"ಹೆಬ್ಬೆರಳು?"

ನಾನು ತಿರುಗಿ ಪರದೆ ನೋಡಿದೆ.

"ನಾಲ್ಕು ಬೆರಳು ಇಲ್ಲಿದ್ದು. ಹೆಬ್ಬೆರಳು ಯಲ್ಲಾಪುರದಲ್ಲಿ ಇರಕಾಗಿತ್ತು ಅಲ್ದನಾ? ಅದಿಲ್ದೇ ಎಂತ ಹಿಡಿಯಲೆ ಬತ್ತು?"

ಹೊರಗೆ ಮಳೆ ಇನ್ನೂ ಜೋರಾಗಿ ಹೊಯ್ಯುತ್ತಿತ್ತು. ಒಂಬತ್ತು ತಾಸಿನ ಕಾಪಿಯನ್ನು ಮತ್ತೆ ಹಚ್ಚಬೇಕು, ಅದು ಮುಗಿದ ಮೇಲೆ ಬಸ್ಸು ಹತ್ತಬೇಕು. ನಾನು ಕಿಟಕಿಯ ಕಡೆ ನೋಡಿ, ಉತ್ತರಕ್ಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಮಾಸ್ತರ್ರು ತಲೆಯನ್ನು ಸ್ವಲ್ಪ ವಾಲಿಸಿ, ಮೂಗಿನಲ್ಲಿ ಅರ್ಧ ರಾಗ ಎಳೆದು, "ಮಳೆ ಬಿಡ್ಲಿ, ಮಾಸ್ತರ್ರೇ, ಮಳೆ ಬಿಡ್ಲೀ..." ಎಂದರು.

ಅದು ನನ್ನ ಧ್ವನಿ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಕ್ಕ ಸ್ಟೂಲಿನಿಂದ ಬೀಳುವಷ್ಟು ನಕ್ಕರು.

ನಾನು ಕೂತು ಕಾಪಿ ಹಚ್ಚಿದೆ.